ಕಡಲ ಬಂಡೆಗೆ ಇಟ್ಟ ನಿರ್ಮಾಲ್ಯ

ಕಂಪ್ಲಿ

ನಮ್ಮೂರಲ್ಲಿ ಹೂವನ್ನು ಮಾರಿನ ಲೆಕ್ಕದಲ್ಲಿ ಕೊಡುತ್ತಾರೆ. ಹೂವಿನಾಕೆ ಎರಡೂ ಕೈ ಚಾಚಿ ಎದೆಯ ಮುಂದೆ ಮಾಲೆ ಹಿಡಿದರೆ ಅದು ಒಂದು ಮಾರು. ಹಾಗಾಗಿ ನಾನು ಯಾವತ್ತೂ ಎತ್ತರದ ಹೆಂಗಸನ್ನೇ ಹುಡುಕಿ ಕೊಳ್ಳುವುದು. ಸೇವಂತಿಗೆಯ ವಿಷಯದಲ್ಲಿ ನನಗಿದ್ದ ಜ್ಞಾನ ಹೆಚ್ಚುಕಡಿಮೆ ಇಷ್ಟೇ. ಹೊಸಪೇಟೆ ಕಡೆಯಿಂದ ಚೀಲದಲ್ಲಿ ಬರುತ್ತದೆ, ದೀಪಾವಳಿಗೆ ತುಟ್ಟಿಯಾಗುತ್ತದೆ, ದೇವರಿಗೂ ಆಗುತ್ತದೆ, ಲಾರಿಯ ಮೂತಿಗೂ ಆಗುತ್ತದೆ. ಅದಕ್ಕೂ ಒಂದು ಕಾಡು ಇರಬಹುದು, ಯಾರೂ ನೆಡದೆ ಯಾರೂ ನೀರು ಹಾಕದೆ ತಾನೇ ಬೆಳೆಯುವ ಜಾಗ ಒಂದಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಮಾಳಿಗೆಯ ಮೇಲೆ ನನ್ನ ಸೇವಂತಿಗೆ ಕುಂಡಗಳಿವೆ. ಒಮ್ಮೆ ಹೂ ಬಿಡುತ್ತವೆ, ಬೇಸಿಗೆ ಬರುವಷ್ಟರಲ್ಲಿ ಕೊಳೆತು ಹೋಗುತ್ತವೆ. ಹೊಸಪೇಟೆಯ ನರ್ಸರಿಯವನ ಹತ್ತಿರ ದೂರು ಹೇಳಿದಾಗ ಅವನು ಮುಖ ಮುಖ ನೋಡಿ ಅಂದಿದ್ದ, "ಇದು ಸಾಯೋ ಗಿಡ ಅಲ್ರಿ ಅಮ್ಮಾರ. ನೀವ ಸಾಯಸ್ತೀರಿ."

ಇಂಥ ನಾನು ಜಪಾನಿಗೆ ಹೋದದ್ದು ಹೂವಿಗಾಗಿ ಅಲ್ಲ, ಅಕ್ಕಿಗಾಗಿ. ಎಮ್ಮಿಗನೂರು ರಸ್ತೆಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಕಪ್ಪು ಕಾಳು, ಮುರುಕು ಕಾಳುಗಳನ್ನು ಕಣ್ಣಿಟ್ಟು ನೋಡಿ ಬೇರೆ ಮಾಡುವ ಹೊಸ ಯಂತ್ರವನ್ನು ತಯಾರಾಗುವ ಜಾಗದಲ್ಲೇ ನೋಡಿ, ನಡೆಸುವುದು ಕಲಿತು ಬರಬೇಕೆಂದು ನಮ್ಮ ಮನೆಯವರು ಹೊರಟರು. ಸುಗ್ಗಿಯ ಭತ್ತ ಗಿರಣಿಗೆ ಬರುವ ಮೊದಲು ವಾಪಸಾಗುವ ಯೋಜನೆ.

"ನೀನೂ ಬಾ. ಅಲ್ಲೆ ನನಗ ಊಟಕ್ಕ ನೀಡೋರು ಯಾರು?" ಎಂದರು.

"ಅಡಿಗಿ ಮಾಡಾಕ ಕರ್ಕೊಂಡು ಹೊಂಟೀರೇನು ಹಂಗಾರ?" ಎಂದೆ. ಆದರೂ ಹೊರಟೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುವುದಾದರೆ ನಾರು ಬೇಡ ಅನ್ನಬಾರದು.

ನನಗಿದ್ದ ಚಿಂತೆ ಒಂದೇ. ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗಕ್ಕೆ ಒಂದು ಹೂವು ಏರಿಸದೆ ನಾನು ಬಾಯಿಗೆ ನೀರು ಹಾಕುವುದಿಲ್ಲ. ಇಲ್ಲಿಂದ ಹೂವು ಪತ್ರಿ ಒಯ್ಯುವಂತಿಲ್ಲ, ವಿಮಾನ ಇಳಿದ ಕೂಡಲೇ ಕಸಿದುಕೊಳ್ಳುತ್ತಾರೆ ಎಂದು ಎಲ್ಲರೂ ಹೆದರಿಸಿದ್ದರು. ವಿಭೂತಿ ಗಟ್ಟಿ ಮಾತ್ರ ಸೀರೆಗಳ ನಡುವೆ ಇಟ್ಟುಕೊಂಡೆ.

ಒಸಾಕಾ

ಹೋಟೆಲಿನ ಪಕ್ಕದ ದಿನಸಿ ಅಂಗಡಿಗೆ ಹೋಗಿ ನೋಡಿದರೆ ಬಾಗಿಲಲ್ಲೇ ಬಕೆಟ್ಟಿನ ತುಂಬ ಸೇವಂತಿಗೆ! ಬಿಳಿದು, ಹಳದಿ, ನಡುವೆ ಒಂದು ಹಸಿರು ಟೊಂಗೆ ಸೇರಿಸಿ, ರಬ್ಬರ್ ಬ್ಯಾಂಡ್ ಹಾಕಿ, ಅಚ್ಚುಕಟ್ಟಾದ ಕಟ್ಟುಗಳು. ಪರದೇಶದಲ್ಲಿ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಉಳಿದ ಬಿಳಿ ಹೂಗಳನ್ನು ಜಡೆಗೆ ಮುಡಿದು ತಿಂಡಿಗೆ ಇಳಿದೆ.

ಆ ಊರಿನವರ ಸೌಜನ್ಯಕ್ಕೆ ಬೆರಗಾದೆ. ತಿಂಡಿ ಕೊಡುವವನು ದನಿ ತಗ್ಗಿಸಿ ಮಾತಾಡಿದ. ಕುರ್ಚಿಯನ್ನು ಸದ್ದಾಗದಂತೆ ಎಳೆದು ಕೊಟ್ಟ. ಮುದುಕ ದಂಪತಿ ಎದ್ದು ಹೋಗುವಾಗ ನನ್ನ ಮುಂದೆ ನಿಂತು ತಲೆ ಬಾಗಿಸಿದರು. ನಾನೂ ಬಾಗಿಸಿದೆ.

ಅಷ್ಟರಲ್ಲಿ ಪವಿತ್ರಾ ಬಂದಳು. ಈಕೆ ಸಂಡೂರು ತಾಲೂಕಿನ ಚೋರನೂರಿನವಳು, ಯಂತ್ರದ ಕಂಪನಿಯಲ್ಲಿ ಎಂಜಿನಿಯರ್. ನಮ್ಮಂಥವರಿಗೆ ಜಪಾನೀ ಮಾತು ತಿಳಿಸಿ ಹೇಳುವ ಕೆಲಸವನ್ನೂ ಅವಳಿಗೇ ಹಚ್ಚಿದ್ದರು. ನನ್ನನ್ನು ನೋಡಿದವಳೇ ಗಾಬರಿಯಾದಳು.

"ಅಕ್ಕಾರ, ಮೊದ್ಲು ಆ ಹೂವ ತಗೀರಿ."

"ಯಾಕವಾ? ಬಾಡ್ಯಾವೇನು?"

"ಇಲ್ಲೆ ಬಿಳೇ ಸ್ಯಾವಂತಿಗಿ ಸತ್ತೋರಿಗೆ ಇಡ್ತಾರ್ರಿ. ನಿಮ್ಮ ಮನ್ಯಾಗ ಏನೋ ಆಗೈತಿ ಅಂತ ತಿಳ್ಕೊಂಡಾರ ಎಲ್ಲಾರೂ."

ನಮ್ಮ ಮನೆಯವರು ಬಟ್ಟಲಿನಿಂದ ತಲೆ ಎತ್ತಿ, "ನಾನು ಇನ್ನಾ ಜೀವಂತ ಅದೀನಿ ಅಂತ ಹೇಳವಾ ಅವ್ರಿಗೆ," ಎಂದು ಮತ್ತೆ ಅನ್ನಕ್ಕೆ ಕೈ ಹಾಕಿದರು.

ನಮ್ಮಲ್ಲಿ ಮದುವೆಯ ಹಂದರಕ್ಕೂ ಸೇವಂತಿಗೆ, ಹೆಣದ ಮೇಲೂ ಸೇವಂತಿಗೆ. ಹೂವಿಗೆ ನಾವು ಇಂಥದೇ ಕೆಲಸ ಎಂದು ಹಂಚಿಲ್ಲ. ಇಲ್ಲಿ ಹಂಚಿದ್ದಾರೆ. ಅಂಗಡಿಯ ಆ ಕಟ್ಟುಗಳು ತೀರಿಕೊಂಡ ಹಿರಿಯರಿಗೆಂದು ಮನೆಯಲ್ಲಿ ಮಾಡಿದ ಪೂಜೆಯ ಗೂಡಿಗೆ, ಸಮಾಧಿಗೆ ಇಡುವುದಕ್ಕಂತೆ. ಲಿಂಗಕ್ಕೆ ಏರಿಸುವುದಕ್ಕೆ ಅಡ್ಡಿ ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಮುಡಿಯುವುದನ್ನು ಮಾತ್ರ ಬಿಟ್ಟೆ.

ಕಡಲ ದಂಡೆಯ ಮನೆ

ಕಾರ್ಖಾನೆ ಇದ್ದದ್ದು ಪಶ್ಚಿಮಕ್ಕೆ, ಒಳಗಡಲಿನ ಕಡೆ. ಹತ್ತಿರದ ಮೀನುಗಾರರ ಹಳ್ಳಿಯೊಂದರಲ್ಲಿ, ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುವ ಹಾರುಕೊ-ಸಾನ್ ಎಂಬ ಹಿರಿಯ ಹೆಂಗಸಿನ ಹತ್ತಿರ ನಮಗೆ ವಾಸ್ತವ್ಯ. ಸಾನ್ ಎಂದರೆ ನಮ್ಮ 'ರೀ' ಇದ್ದ ಹಾಗೆ, ಹೆಸರಿಗೆ ಹಚ್ಚುವ ಮರ್ಯಾದೆ. ಆಕೆ ನನ್ನನ್ನು ಗಿರಿಜಾ-ಸಾನ್ ಎನ್ನುತ್ತಿದ್ದರು. ಆ ಕಡಲಿಗೆ ತೆರೆಯೇ ಇಲ್ಲ. ಹಂಪಿಯ ಬಂಡೆಗುಡ್ಡಗಳ ನಡುವೆ ಡ್ಯಾಮಿನ ಹಿನ್ನೀರು ನಿಂತರೆ ಹೇಗೋ ಹಾಗೆ, ದ್ವೀಪಗಳ ನಡುವೆ ನೀರು ಸುಮ್ಮನೆ ನಿಂತಿರುತ್ತದೆ.

ಮೊದಲ ಸಂಜೆಯೇ ನಮ್ಮ ಮನೆಯವರು ಒಂದು ಅಪಚಾರ ಮಾಡಿದರು. ಅಲ್ಲಿ ತೊಟ್ಟಿಯಲ್ಲಿ ಬಿಸಿನೀರು ತುಂಬಿಸಿಡುತ್ತಾರೆ. ಹೊರಗೆ ಮೈ ತೊಳೆದು, ಆಮೇಲೆ ಅದರಲ್ಲಿ ಸ್ವಲ್ಪ ಹೊತ್ತು ಕುಳಿತು ಏಳಬೇಕು. ಮನೆಮಂದಿಗೆಲ್ಲ ಅದೇ ನೀರು. ಇವರು ಎದ್ದವರೇ, ತಾವು ಕುಳಿತ ನೀರು ಬೇರೆಯವರಿಗೆ ಬೇಡ ಎಂದು ಬಿರಡೆ ಕಿತ್ತು ಎಲ್ಲ ಹರಿಯಬಿಟ್ಟರು. ಹಾರುಕೊ-ಸಾನ್ ಬಂದು ಖಾಲಿ ತೊಟ್ಟಿ ನೋಡಿದರು. ಮತ್ತೆ ನೀರು ತುಂಬಿಸಿ ಕಾಯಿಸಿದರು. ನಮ್ಮ ಕಡೆಯ ಯಾವ ಅತ್ತೆಯಾದರೂ ಆಗಿದ್ದರೆ ಮೂರು ತಲೆಮಾರಿನ ಹೆಸರು ಹೇಳಿ ಬೈದು ಹಗುರಾಗುತ್ತಿದ್ದಳು. ಈಕೆಯ ಮನಸ್ಸಿನಲ್ಲಿ ಏನಿದೆಯೋ ತಿಳಿಯದೆ ನನಗೇ ಬೆವರು ಬಂತು.

ನನ್ನ ಕಷ್ಟ ಕಸದ ಡಬ್ಬಿಯದು. ಅಡಿಗೆಮನೆಯ ಹಿಂದೆ ಡಬ್ಬಿಗಳ ಸಾಲೇ ಇತ್ತು. ಸುಡುವ ಕಸಕ್ಕೆ ಒಂದು, ಸುಡದ್ದಕ್ಕೆ ಒಂದು, ಬಾಟಲಿಗೆ, ಕಾಗದಕ್ಕೆ ಬೇರೆ ಬೇರೆ. ಪೂಜೆಯಾದ ಮೇಲೆ ಲಿಂಗದಿಂದ ಇಳಿಸಿದ ನಿರ್ಮಾಲ್ಯವನ್ನು ಇದರಲ್ಲಿ ಯಾವುದಕ್ಕೆ ಹಾಕಲಿ? ದೇವರ ಮೇಲಿನ ಹೂವನ್ನು ಸುಡುವ ಕಸ ಅನ್ನಲೇ? ಕಂಪ್ಲಿಯಲ್ಲಾದರೆ ಹೊಳೆಗೆ ಬಿಡುತ್ತೇವೆ, ಇಲ್ಲವೇ ಯಾರೂ ತುಳಿಯದ ಗಿಡದ ಬುಡಕ್ಕೆ ಹಾಕುತ್ತೇವೆ.

ಮನೆಯ ಹಿಂದೆ ಕಡಲಿಗೆ ಇಳಿಯುವ ಬಂಡೆಯ ಏರು ಇತ್ತು. ಮೇಲೆ ಹೋಗಲು ಕಾಲುದಾರಿ ಇದ್ದರೂ ಯಾರೂ ಓಡಾಡಿದ್ದು ಕಾಣಲಿಲ್ಲ. ಬಂಡೆಯ ಸಂದುಗಳಲ್ಲಿ ಬೂದುಹಸಿರು ಎಲೆಯ ಕಿರುಗಿಡಗಳು. ಇದಕ್ಕಿಂತ ಶುದ್ಧವಾದ ಜಾಗ ಎಲ್ಲಿ ಸಿಕ್ಕೀತು? ಹಳ್ಳಿಯ ಅಂಗಡಿಯಲ್ಲೂ ಅದೇ ಸೇವಂತಿಗೆಯ ಕಟ್ಟು ಸಿಗುತ್ತಿತ್ತು. ಪ್ರತಿದಿನ ಬೆಳಿಗ್ಗೆ ವಿಭೂತಿ ಹತ್ತಿದ ಹೂಗಳನ್ನು ಒಯ್ದು ಆ ಗಿಡಗಳ ಬುಡಕ್ಕೆ ಇಟ್ಟು ಕೈಮುಗಿದು ಬರುತ್ತಿದ್ದೆ. ಲಿಂಗಕ್ಕೆ ಸುರಿದ ನೀರಿನಲ್ಲಿ ಕರಗಿದ ವಿಭೂತಿಯನ್ನೂ ಅಲ್ಲೇ ಚೆಲ್ಲುತ್ತಿದ್ದೆ. ಗಾಳಿಗೆ ಹೂವು ಹಾರಿ ಯಾರದಾದರೂ ಕಾಲಿಗೆ ಸಿಕ್ಕೀತೆಂದು ಹೂವಿನ ಕಡ್ಡಿಗಳನ್ನು ಸಂದಿನ ಮಣ್ಣಿಗೆ ಚುಚ್ಚಿ ನಿಲ್ಲಿಸಿದೆ. ಬಹಳ ಜಾಣತನದ ಕೆಲಸ ಮಾಡಿದೆ ಎಂದುಕೊಂಡಿದ್ದೆ.

ಬಂಡೆಯ ಏರು

ಕಾರ್ಖಾನೆಗೆ ರಜೆ ಇದ್ದ ದಿನ ಪವಿತ್ರಾ ಬಂದಳು. ಮನೆಯ ಹಿಂದಿನ ಬೆಟ್ಟದ ಮೇಲೆ ಕಾಡುಹೂವು ಅರಳಿದೆ, ಗಿರಿಜಾ-ಸಾನ್‌ಗೆ ತೋರಿಸುತ್ತೇನೆ ಎಂದು ಹಾರುಕೊ-ಸಾನ್ ಮೊದಲೇ ಹೇಳಿ ಕಳಿಸಿದ್ದರು. ಆದರೆ ಅಂದು ಬೆಳಿಗ್ಗೆ ಆಕೆಯ ಮುಖ ಬೇರೆಯಾಗಿತ್ತು. ಬೆಳಗಾಗುತ್ತಲೇ ಬೆಟ್ಟಕ್ಕೆ ಹೋಗಿ ಬಂದಿದ್ದರು. ಹಳೆಯ ಪತ್ರಿಕೆಯಲ್ಲಿ ಏನನ್ನೋ ಸುತ್ತಿ, ಪಕ್ಕದ ಮನೆಯ ಮುಂದಿನ ಕಲ್ಲಿನ ಮೇಲೆ ನೇರವಾಗಿ ಇಟ್ಟರು. ಮುಚ್ಚಿದ ಬಾಗಿಲಿಗೆ ತಲೆ ಬಾಗಿಸಿ ಹಿಂತಿರುಗಿದರು.

"ಏನು ಕೊಟ್ರವಾ?" ಎಂದು ಪವಿತ್ರಳನ್ನು ಕೇಳಿದೆ.

"ಕೊಡ್ಲಿಲ್ರಿ. ಜಗಳಾಡಿದ್ರು."

"ಬಾಯೇ ಬಿಡ್ಲಿಲ್ಲಲ್ಲ?"

"ಇಲ್ಲೆ ಜಗಳಂದ್ರ ಹಿಂಗ ರೀ."

ಕಂಪ್ಲಿಯಲ್ಲಿ ಜಗಳವಾದರೆ ಸೇತುವೆಯ ಆಚೆ ದಡಕ್ಕೂ ಕೇಳಿಸುತ್ತದೆ, ಸಂಜೆಗೆ ರಾಜಿಯೂ ಆಗುತ್ತದೆ. ಇಷ್ಟು ಮೆತ್ತಗಿನ ಜಗಳ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ನನಗೆ ಕುತೂಹಲವೂ ಆಯಿತು, ಹೆದರಿಕೆಯೂ ಆಯಿತು.

ಮೂವರೂ ಬೆಟ್ಟ ಹತ್ತಿದೆವು. ನಾನು ಚುಚ್ಚಿದ್ದ ಹೂಗಳು ದಾರಿಯಲ್ಲಿ ಕಾಣಲಿಲ್ಲ, ಗಾಳಿಗೆ ಹೋಗಿರಬೇಕು ಎಂದುಕೊಂಡೆ. ಅಲ್ಲಿಂದ ಮುಂದಿನ ತಿರುವು ದಾಟಿದೆವು. ಅಲ್ಲಿಯವರೆಗೆ ನಾನು ಹೋಗಿರಲಿಲ್ಲ. ಕೆಳಗೆ ಕಡಲು, ಮೇಲೆ ಬಂಡೆ, ಬಂಡೆಯ ಮೈತುಂಬ ಬಿಳಿ ಹೂವು. ನಡುವೆ ಹಳದಿ ಬೊಟ್ಟು, ಸುತ್ತ ಒಂದೇ ಸುತ್ತಿನ ಎಸಳು. ಕೆಲವು ಹಳೆಯ ಹೂಗಳ ಎಸಳಿಗೆ ಕೆಂಪು ಹತ್ತಿತ್ತು. ಎಲೆ ದಪ್ಪ, ಅಂಚಿಗೆ ಬಿಳಿ ಗೆರೆ. ಒಂದು ಎಲೆ ಹಿಸುಕಿ ಮೂಸಿದೆ. ನಮ್ಮ ಮಾಳಿಗೆಯ ವಾಸನೆ! ಸೇವಂತಿಗೆ ಎಲೆಯ ಆ ಘಾಟು, ಅದರ ಜೊತೆ ದವನದ ಒಂದು ಎಳೆ.

"ಇದು ಸ್ಯಾವಂತಿಗಿನ?" ಎಂದೆ.

"ಹೌದಂತ್ರಿ. ಇದಕ್ಕ ನೋಜಿಗಿಕು ಅಂತಾರ. ಯಾರೂ ಹಚ್ಚಿದ್ದಲ್ಲ. ಈ ದಂಡಿ ಮ್ಯಾಲೆ ತಾನ ಹುಟ್ಟಿ ತಾನ ಬೆಳದದ್ದು."

ಹಾರುಕೊ-ಸಾನ್ ಮಾತು ಪವಿತ್ರಳ ಬಾಯಲ್ಲಿ ಅಪ್ಪಟ ಚೋರನೂರು ಕನ್ನಡವಾಗಿ ಬರುತ್ತಿತ್ತು. ಕೇಳುತ್ತಾ ಕೇಳುತ್ತಾ ಆಕೆ ನಮ್ಮ ಕಡೆಯವರೇ ಅನ್ನಿಸತೊಡಗಿತು. ನಾನು ಬಿಡದೆ ಕೇಳಿದೆ. ಮಣ್ಣೇ ಇಲ್ಲವಲ್ಲ, ಹೇಗೆ ಬದುಕುತ್ತದೆ? ಗೊಬ್ಬರ? ಹೂವು ಮುಗಿದ ಮೇಲೆ? ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿ ಹೋಗುತ್ತದಂತೆ. ಸತ್ತೇ ಹೋಯಿತು ಅನ್ನುವಂತೆ ಕಾಣುತ್ತದಂತೆ. ಬೇರು ಮಾತ್ರ ಬಂಡೆಯ ಸಂದಿನಲ್ಲಿ ಹಿಡಿದುಕೊಂಡು ಕುಳಿತಿದ್ದು, ಚಳಿ ಹೋದ ಮೇಲೆ ಚಿಗುರುತ್ತದೆ. ಬಿದ್ದ ಮಳೆ ನಿಲ್ಲದೆ ಇಳಿದು ಹೋಗುವ ಇಳಿಜಾರು, ಉಪ್ಪು ಗಾಳಿ, ಬಿಸಿಲು, ಅಷ್ಟಿದ್ದರೆ ಸಾಕು. ನಾನು ಕುಂಡದಲ್ಲಿ ಕೊಟ್ಟಿಗೆ ಗೊಬ್ಬರ ತುಂಬಿ ಎರಡು ಹೊತ್ತು ನೀರು ನಿಲ್ಲಿಸುತ್ತಿದ್ದದ್ದು ನೆನಪಾಯಿತು. ನರ್ಸರಿಯವನ ಮುಖವೂ ನೆನಪಾಯಿತು, ಸಿಟ್ಟು ಮಾತ್ರ ಬರಲಿಲ್ಲ.

ಆಮೇಲೆ ಆಕೆ ತಮ್ಮ ಕತೆ ಹೇಳಿದರು. ಮೊದಲು ಈ ದಂಡೆಯುದ್ದಕ್ಕೂ ಈ ಹೂವಿತ್ತು. ಕಡಲಿಗೆ ಗೋಡೆ ಕಟ್ಟುವಾಗ ಬಹಳ ಹೋಯಿತು. ಉಳಿದದ್ದಕ್ಕೆ ಇನ್ನೊಂದು ಕಾಟ ಹತ್ತಿತು. ಮನೆಮನೆಯ ಸೇವಂತಿಗೆಯ ಪರಾಗವನ್ನು ಜೇನುಹುಳ ಇಲ್ಲಿಗೆ ತರುತ್ತದೆ. ಬೆರಕೆ ಸಸಿ ಹುಟ್ಟುತ್ತವೆ. ಹೂವು ನೋಡಲು ಚಂದವೇ, ಆದರೆ ಕಾಡಿನದು ಕಾಡಿನದಾಗಿ ಉಳಿಯುವುದಿಲ್ಲ. ಹತ್ತಿರದಲ್ಲಿ ಬೆರಕೆಯಾಗದೆ ಉಳಿದದ್ದು ಈ ಒಂದು ಏರು. ಗಂಡ ಇದ್ದಾಗ ಇಬ್ಬರೂ, ಈಗ ಆಕೆ ಒಬ್ಬರೇ, ಬೆರಕೆ ಸಸಿ ಕಂಡ ಕೂಡಲೇ ಕಿತ್ತು ಹಾಕುತ್ತಾ ಬಂದಿದ್ದಾರೆ. ಊರವರು ಮನೆಯ ಮುಂದೆ ಸೇವಂತಿಗೆ ಬೆಳೆಸುವುದನ್ನೇ ಬಿಟ್ಟರು. ಪಕ್ಕದ ಮನೆಯ ಒಕಾದಾ-ಸಾನ್ ಮಾತ್ರ ಬಿಡಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ತಟ್ಟೆಯಷ್ಟಗಲದ ಸೇವಂತಿಗೆ ಬೆಳೆಸುವ ಹುಚ್ಚು ಹತ್ತಿದೆ. ಮೊದಲು ಗೋಡೆಯ ಆಚೆ ಈಚೆ ನಿಂತು ದಿನಾ ಮಾತಾಡುತ್ತಿದ್ದ ಇಬ್ಬರೂ ಅಂದಿನಿಂದ ದೂರವಾಗಿದ್ದಾರೆ.

"ಇಷ್ಟ ದಿನ ಬರೇ ಹಿತ್ತಲದಾಗ ಬೆಳಸ್ತಿದ್ರು ಅಂತ ಸುಮ್ಮಿದ್ದೆ ಅಂತಾರ್ರಿ. ಈಗ ಇಲ್ಲೇ ತಂದು ನಾಟಿ ಮಾಡ್ಯಾರಂತ. ಕಡ್ಡಿ ಚುಚ್ಯಾರ. ಜಲ್ದಿ ಬೇರು ಬಿಡ್ಲಿ ಅಂತ ಬುಡಕ್ಕ ಬೂದಿನೂ ಹಾಕ್ಯಾರಂತ. ಎಲ್ಲಾ ಕಿತ್ತು ಪೇಪರ್‌ನಾಗ ಸುತ್ತಿ ಮುಂಜಾನಿ ಅವ್ರ ಬಾಗ್ಲಿಗೆ ಇಟ್ಟು ಬಂದಾರ. ಇನ್ನ ಮ್ಯಾಲೆ ಅವ್ರ ಮುಖ ನೋಡಂಗಿಲ್ಲ ಅಂತಾರ್ರಿ."

"ಬೂದಿ?" ಎಂದೆ. ನನಗರಿವಿಲ್ಲದೆ ಕೈ ಹಣೆಗೆ ಹೋಯಿತು.

ಪವಿತ್ರಾ ಬಾಯಿ ತೆರೆಯುವ ಮೊದಲೇ ಹಾರುಕೊ-ಸಾನ್ ನನ್ನ ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳನ್ನು ನೋಡಿದರು. ಕಡ್ಡಿ ಕಿತ್ತ ಜಾಗದ ಕಡೆ ನೋಡಿದರು. ಮತ್ತೆ ನನ್ನ ಹಣೆ ನೋಡಿದರು. ಅಲ್ಲೇ ಒಂದು ಬಂಡೆಯ ಮೇಲೆ ಕುಳಿತುಬಿಟ್ಟರು.

ನಾನು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಲಿಂಗ, ಹೂವು, ಕಸದ ಡಬ್ಬಿ, ತುಳಿಯಬಾರದು, ಹಾರಬಾರದು. ಪವಿತ್ರಾ ನನಗಿಂತ ಗಡಿಬಿಡಿಯಲ್ಲಿ ಅದನ್ನು ಜಪಾನೀ ಮಾಡಿದಳು. ಬೈದರೆ ಬೈಸಿಕೊಳ್ಳೋಣ ಎಂದು ತಲೆ ತಗ್ಗಿಸಿ ನಿಂತೆ. ಆಕೆ ಬೈಯಲಿಲ್ಲ. ಕಡಲಿಗೆ ಇಳಿಯುವ ಮೆಟ್ಟಿಲು ತೋರಿಸಿ, ದೇವರ ಹೂವನ್ನು ಇನ್ನು ನೀರಿಗೆ ಕೊಡಿ, ರಬ್ಬರ್ ಬ್ಯಾಂಡ್ ಮಾತ್ರ ತೆಗೆಯಿರಿ ಎಂದರು. ನನ್ನ ತಪ್ಪು ಆಕೆಗೆ ಅಲ್ಲಿಗೇ ಮುಗಿದಿತ್ತು. ಆಕೆಯ ಕಣ್ಣು ಕೆಳಗೆ ಕಾಣುವ ಪಕ್ಕದ ಮನೆಯ ಮಾಡಿನ ಮೇಲೆ ನಿಂತಿತ್ತು. ಒಂದೇ ಮಾತು ಅಂದರು.

"ಆ ಗಂಟು ಅವ್ರು ಇನ್ನಾ ಬಿಚ್ಚಿರದಿದ್ರ ಸಾಕು ಅಂತಾರ್ರಿ," ಎಂದಳು ಪವಿತ್ರಾ.

ಆ ವಯಸ್ಸಿನಲ್ಲಿ ಆಕೆ ಅಷ್ಟು ಬೇಗ ಬೆಟ್ಟ ಇಳಿದದ್ದನ್ನು ನೋಡಿ ನನಗೆ ಗಾಬರಿಯಾಯಿತು. ಸೀರೆ ಎತ್ತಿ ಕಟ್ಟಿ ಹಿಂದೆ ಓಡಿದೆ.

ಪಕ್ಕದ ಮನೆ

ಕಲ್ಲಿನ ಮೇಲೆ ಗಂಟು ಇರಲಿಲ್ಲ.

ಹಾರುಕೊ-ಸಾನ್ ಬಾಗಿಲ ಮುಂದೆ ನಿಂತರು, ಕರೆಯಲಿಲ್ಲ. ಕೈ ಎತ್ತಿದರು, ಇಳಿಸಿದರು. ನಮ್ಮ ಕಡೆಯವರಿಗೆ ಇಂಥ ಹೊತ್ತಿನಲ್ಲಿ ಸುಮ್ಮನಿರಲು ಬರುವುದಿಲ್ಲ. "ಒಕಾದಾ-ಸಾನ್," ಎಂದು ನಾನೇ ಕೂಗಿದೆ. ಕಂಪ್ಲಿಯ ದನಿ, ಓಣಿಗೆಲ್ಲ ಕೇಳಿಸಿರಬೇಕು.

ಬೂಟು ಹಾಕಿದ, ಸಣಕಲು ಮೈಯ ಮುದುಕರೊಬ್ಬರು ಹಿತ್ತಲಿನಿಂದ ಬಂದರು. ಕೈಗೆಲ್ಲ ಮಣ್ಣು. ಹಾರುಕೊ-ಸಾನ್ ಸೊಂಟ ಮುರಿಯುವಷ್ಟು ಬಾಗಿದರು, ಬಾಗಿಯೇ ಇದ್ದರು. ನನಗೆ ನೋಡಲಾಗಲಿಲ್ಲ.

"ಹೇಳವಾ ಪವಿತ್ರಾ," ಎಂದೆ. "ಆ ಹೂವು ನಂದು. ಅದರಾಗ ಹಾರುಕೊ-ಸಾನ್ ತಪ್ಪೇನೂ ಇಲ್ಲ. ದೇವ್ರ ಮ್ಯಾಲಿಂದು, ಕಸಕ್ಕ ಹಾಕಬಾರ್ದು ಅಂತ ನಾನ ಇಟ್ಟು ಬಂದೆ."

ಒಕಾದಾ-ಸಾನ್ ಪೂರ್ತಿ ಕೇಳಿದರು. ನಂತರ, ಆ ದೇವರು ಎಲ್ಲಿದ್ದಾನೆ ಎಂದು ಕೇಳಿದರು. ಸೆರಗಿನೊಳಗಿಂದ ಕೊರಳಿನ ಕರಡಿಗೆ ತೆಗೆದು ತೋರಿಸಿದೆ. ಲಿಂಗವನ್ನು ಇಟ್ಟುಕೊಳ್ಳುವ ಆ ಪುಟ್ಟ ಬೆಳ್ಳಿ ಭರಣಿಗೆ ಅವರು ತಲೆ ಬಾಗಿಸಿದರು. ಕೈ ಒರೆಸಿಕೊಂಡು, ಹಿತ್ತಲಿಗೆ ಬನ್ನಿ ಎಂದು ಸನ್ನೆ ಮಾಡಿದರು.

ಹಾರುಕೊ-ಸಾನ್ ಆ ಹಿತ್ತಲಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಅಲ್ಲಿ, ಗೋಡೆಯಾಚೆಗೂ ಬೆಟ್ಟಕ್ಕೂ ಕಾಣದ ಮರೆಯಲ್ಲಿ, ಉದ್ದನೆಯ ಚಪ್ಪರ. ಮೇಲಿನಿಂದ ನೆಲದವರೆಗೆ ನಾಲ್ಕೂ ಕಡೆ ಸೊಳ್ಳೆಪರದೆಯಂಥ ಬಿಳಿ ಬಲೆ. ಬುಡಕ್ಕೆ ಇಟ್ಟಿಗೆ ಹೇರಿ ಸಂದಿಲ್ಲದಂತೆ ಮುಚ್ಚಿದ್ದರು. ಒಳಗೆ ಸಾಲು ಸಾಲು ಕುಂಡ. ಒಂದೊಂದು ಹೂವೂ ನಮ್ಮ ಊಟದ ತಟ್ಟೆಯಷ್ಟು. ಹಳದಿ, ಬಿಳಿ, ನೇರಳೆ. ನಾನು ಜನ್ಮದಲ್ಲಿ ಅಂಥ ಸೇವಂತಿಗೆ ನೋಡಿರಲಿಲ್ಲ. ಬೇರೆ ಊರುಗಳಲ್ಲಿ ಇಂಥವನ್ನು ದೇವಾಲಯದ ಮುಂದೆ ಸಾಲಾಗಿ ಇಟ್ಟು, ಬಹುಮಾನ ಕೊಟ್ಟು, ಜನ ಮೆರೆಸುತ್ತಾರೆ ಎಂದಳು ಪವಿತ್ರಾ. ಇವರ ಹೂವು ಈ ಬಲೆಯಿಂದ ಒಮ್ಮೆಯೂ ಹೊರಗೆ ಹೋಗಿಲ್ಲ. ಬಾಡುವ ಮೊದಲೇ ಕತ್ತರಿಸಿ ಒಳಗೆ ಹೆಂಡತಿಯ ಗೂಡಿಗೆ ಇಡುತ್ತಾರೆ, ಅಷ್ಟೇ.

"ಇಷ್ಟು ಚಂದಾಗಿ ಬೆಳಸಿ ಪರದಾದಾಗ ಯಾಕ ಮುಚ್ಚಿಟ್ಟೀರಿ?" ಎಂದೆ. ಕೇಳದೆ ಇರಲು ನನಗೆ ಆಗಲಿಲ್ಲ.

ಅವರು ಬೆಟ್ಟದ ಕಡೆ ಕೈ ತೋರಿಸಿ ಮೆಲ್ಲಗೆ ಏನೋ ಹೇಳಿದರು. ಪವಿತ್ರಾ ನನ್ನ ಕಡೆ ತಿರುಗಿದಳು.

"ಇಲ್ಲಿ ಜೇನು ಅಲ್ಲೆ ಹೋಗಬಾರ್ದು ಅಂತ್ರಿ. ಮೊದ್ಲನೇ ವರ್ಷ ಹಾರುಕೊ-ಸಾನ್ ಒಮ್ಮೆ ಹೇಳಿದ್ರಂತ. ಅವತ್ತ ಈ ಪರದಾ ಕಟ್ಟಿದ್ರಂತ."

"ಕಟ್ಟೀನಿ ಅಂತ ಒಂದು ಮಾತು ಇವ್ರಿಗೆ ಹೇಳಬಾರ್ದಿತ್ತೇನು?"

ಅದಕ್ಕೆ ಅವರು ಕೊಟ್ಟ ಉತ್ತರ ಚಿಕ್ಕದು.

"ಅವ್ರು ಮತ್ತ ಕೇಳ್ಲಿಲ್ಲ ಅಂತಾರ್ರಿ."

ನನಗೆ ಅಳು ಬಂತು. ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಒಂದೇ ಹೂವನ್ನು ಕಾಯುತ್ತಾ, ಒಬ್ಬರಿಗೊಬ್ಬರು ಮಾತು ಬಿಟ್ಟು ಕುಳಿತಿದ್ದರಲ್ಲ ಎಂದು ಬಹಳ ಸಂಕಟವಾಯಿತು. ಹಾರುಕೊ-ಸಾನ್ ಬಲೆಯ ಪಕ್ಕದಲ್ಲೇ ನಿಧಾನ ನಡೆಯುತ್ತಾ, ಒಂದೊಂದು ಹೂವಿನ ಮುಂದೆ ನಿಲ್ಲುತ್ತಾ ಹೋದರು. ಕಡೆಯ ಮೂಲೆಯಲ್ಲಿ ನಿಂತು ಬಾಗಿದರು. ಬಲೆ ಒಂದು ಕಡೆ ಗೇಣುದ್ದ ಹರಿದಿತ್ತು. ಅದರೊಳಗೆ ಬೆರಳು ತೂರಿಸಿ ನೋಡಿ, ತಿರುಗಿ ಅವರಿಗೆ ಏನೋ ಹೇಳಿದರು.

"ಇಲ್ಲೆ ಹರದೈತಿ, ಜೇನು ಹೊಕ್ಕಾವು ಅಂತಾರ್ರಿ," ಎಂದಳು ಪವಿತ್ರಾ ನನ್ನ ಕಿವಿಯಲ್ಲಿ.

ಒಕಾದಾ-ಸಾನ್ ಬೂಟು ಕಳಚಿ ಮನೆಯೊಳಗೆ ಹೋಗಿ ಸೂಜಿ ದಾರ ತಂದರು. ಇಬ್ಬರ ಕಣ್ಣಿಗೂ ಸೂಜಿಯ ಕಣ್ಣು ಕಾಣಲಿಲ್ಲ. ದಾರ ಪೋಣಿಸಿ ಕೊಟ್ಟವಳು ನಾನು. ಹರಿದ ಎರಡು ಅಂಚನ್ನು ಕೂಡಿಸಿ ಹಿಡಿದೆ. ಅವರು ಬಲೆಯ ಒಳಗೆ ಹೋಗಿ ಕುಂಡಗಳ ನಡುವೆ ಕುಳಿತರು, ಹಾರುಕೊ-ಸಾನ್ ಹೊರಗೆ ನೆಲದ ಮೇಲೆ ಕುಳಿತರು. ಆಕೆ ಸೂಜಿ ಚುಚ್ಚಿ ಒಳಗೆ ಕಳಿಸುತ್ತಿದ್ದರು, ಅವರು ಎಳೆದು ತಿರುಗಿಸಿ ಹೊರಗೆ ಕೊಡುತ್ತಿದ್ದರು.